ಮಳೆಗೆ ಕಿಟಕಿ ಮುಚ್ಚುವ ಮುನ್ನ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ, ಅಕ್ಟೋಬರ್ ತಿಂಗಳಲ್ಲಿ ಆರೆಗಾನ್ ಕರಾವಳಿಯ 101ನೇ ಹೆದ್ದಾರಿಯಲ್ಲಿ ಮೋಟರ್‌ಹೋಮ್ ಪ್ರವಾಸ ಹೊರಟಿರೆಂದುಕೊಳ್ಳಿ. ಅಡುಗೆ, ನಿದ್ದೆ ಎಲ್ಲವೂ ವಾಹನದಲ್ಲೇ. ಹೊರಗೆ ಮಳೆ, ಚಳಿಗಾಳಿ. ಕಿಟಕಿಗಳನ್ನೆಲ್ಲ ಮುಚ್ಚಿ, ಬೆಚ್ಚಗಿರಲೆಂದು ಗ್ಯಾಸ್ ಒಲೆ ಉರಿಸೋಣ ಎನಿಸುತ್ತದೆ. ಅಪಾಯವಿರುವುದು ಅಲ್ಲೇ.

ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಒಲೆಯಿಂದ, ಜನರೇಟರ್ ಹೊಗೆಯಿಂದ ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಮಳೆಯಲ್ಲಿ ನೆನೆದು ಬಂದ ಶೀತವೆಂದು ಮಾತ್ರೆ ನುಂಗಿ ಮಲಗಿದವರು ಮತ್ತೆ ಏಳದೆ ಹೋಗಬಹುದು.

ಜ್ವರವಿಲ್ಲದೆ ಒಟ್ಟಿಗಿರುವ ಹಲವರಿಗೆ ಒಂದೇ ಬಗೆಯ ತೊಂದರೆಯೇ? ಹೊರಗೆ ಬಂದರೆ ಹಗುರವೆನಿಸುತ್ತದೆಯೇ? ಹಾಗಾದರೆ ಮಳೆಯಿದ್ದರೂ ಎಲ್ಲರೂ ಕೂಡಲೇ ಹೊರಬನ್ನಿ. 911ಕ್ಕೆ ಕರೆ ಮಾಡಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದು. ಅದರ ಅಂಕಿಯನ್ನು ನಂಬಿ ಕೂರಬೇಡಿ.

ಚಳಿ ಕಾಯಿಸಲು ಒಲೆ ಉರಿಸಬೇಡಿ. ಅಡುಗೆ ಮಾಡುವಾಗ ಕಿಟಕಿ ತುಸು ತೆರೆದಿಡಿ. ಮಲಗುವ ಮುನ್ನ ಜನರೇಟರ್ ನಿಲ್ಲಿಸಿ. ವಾಹನದಲ್ಲಿ ಈ ಅನಿಲದ ಎಚ್ಚರಿಕೆ ಗಂಟೆ ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮುನ್ನವೇ ಪರೀಕ್ಷಿಸಿ.

ಪ್ರವಾಸ ಹೋಗದವರೂ ನೆನಪಿಡಿ: ಗ್ಯಾಸ್ ಗೀಸರ್ ಇರುವ, ಗಾಳಿಯಾಡದ ನಮ್ಮ ಬಚ್ಚಲುಮನೆಗಳಲ್ಲೂ ಇದೇ ಅಪಾಯವಿದೆ.