ಬೆನ್ನ ಮೇಲಿನ ಗಂಟಿನಿಂದ 49 ಮಳಿಗೆಗೆ!

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರೆಡಿಂಗ್ ಅಂತ ಒಂದು ಊರು. 1911ರಲ್ಲಿ ರಷ್ಯಾದಿಂದ ಅಲ್ಲಿಗೆ ಬಂದ ಸಾಲಮನ್ ಬಾಸ್ಕಾವ್ ಎಂಬ ಯಹೂದಿ ಗಂಟು ಹೊತ್ತು ಹಳ್ಳಿ ಸುತ್ತುವ ವ್ಯಾಪಾರಕ್ಕಿಳಿದ. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೇನಂತೆ, ಆ ಸೀಮೆಯ ರೈತರದು ಜರ್ಮನ್ ಮೂಲದ ಆಡುಮಾತು. ಇವನದು ಅದಕ್ಕೆ ಹತ್ತಿರದ ಯಿಡ್ಡಿಷ್. ಮಾತು ಕುದುರಿತು, ವ್ಯಾಪಾರವೂ ಕುದುರಿತು! ಒಂಬತ್ತನೇ ಬೀದಿ, ಪೈಕ್ ಬೀದಿ ಕೂಡುವಲ್ಲಿ ಪುಟ್ಟ ಅಂಗಡಿ ಎದ್ದಿತು.

ಮಗ ಆಲ್ಬರ್ಟ್, ಅಳಿಯ ಎಡ್ವಿನ್ ಲೇಕಿನ್ ಸೇರಿ ಅದನ್ನು ಬೆಳೆಸಿದರು. 1962ರಲ್ಲಿ ಊರಾಚೆ ಎರಡನೆಯದು. ಆಮೇಲೆ ನೆರೆರಾಜ್ಯಗಳಿಗೂ ಹಬ್ಬಿತು.

ಎಡವಟ್ಟಾಗಿದ್ದು 2006ರ ಸುಮಾರಿಗೆ. ಆಲ್ಬರ್ಟ್ ನಿವೃತ್ತನಾದ. ಬೇರೆ ಕಂಪನಿ ಬಿಟ್ಟುಕೊಟ್ಟ ಮಳಿಗೆಗಳನ್ನು ಕೊಂಡು ಸಾಲದ ಹೊರೆ ಏರಿತ್ತು. ಅರಗುವುದಕ್ಕಿಂತ ಹೆಚ್ಚು ಉಂಡರೆ ಇನ್ನೇನಾದೀತು ಸ್ವಾಮಿ? 2008ರ ಆಗಸ್ಟಿನಲ್ಲಿ ದಿವಾಳಿ ಅರ್ಜಿ. 49ರಲ್ಲಿ 10 ಮಳಿಗೆಗೆ ಬೀಗ. ಸಾವಿರಾರು ನೌಕರರ ಅನ್ನದ ಪ್ರಶ್ನೆ. ಕೊಳ್ಳಲು ಹೊರಗಿನವರೂ ತಯಾರು.

ಎಂಬತ್ತರ ಹೊಸ್ತಿಲಲ್ಲಿದ್ದ ಮುದುಕಪ್ಪ ಆಲ್ಬರ್ಟ್ ಸುಮ್ಮನೆ ಕೂರಲಿಲ್ಲ. ಭಾವನನ್ನು ಜತೆಗೆ ಕಟ್ಟಿಕೊಂಡ, ಸ್ವಂತ ದುಡ್ಡು ಸುರಿದ, ಸರಕಾರದ ಬಾಗಿಲೂ ತಟ್ಟಿದ. ಅಂಗಡಿ ವಾಪಸ್ ಮನೆಗೇ ಬಂತು. 2009ರಲ್ಲಿ ದಿವಾಳಿಯ ಕಟ್ಟು ಬಿಚ್ಚಿತು. 2017ರಲ್ಲಿ 87ರ ಆಲ್ಬರ್ಟ್ ತೀರಿಕೊಂಡಾಗಲೂ ಗಲ್ಲಾಪೆಟ್ಟಿಗೆ ಬಾಸ್ಕಾವ್ ಮನೆತನದ ಕೈಯಲ್ಲೇ ಇತ್ತು.