ಹ್ಯಾಮ್ಸ್ಟರ್ ಸುಮ್ಮನಿದೆ ಅಂದರೆ ಸುಖವಾಗಿದೆ ಎಂದಲ್ಲ

ಬೀದರ್ ಜಿಲ್ಲೆಯ ರಾಜೇಶ್ವರದಂಥ ಊರಿಗೆ ಹ್ಯಾಮ್ಸ್ಟರ್ ಬರುವುದು ಹೆದ್ದಾರಿ ಹಿಡಿದು, ಹೈದರಾಬಾದ್ ಕಡೆಯಿಂದ, ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿ. ಮಕ್ಕಳು ಮೊಬೈಲಿನಲ್ಲಿ ನೋಡಿ ಹಠ ಹಿಡಿಯುತ್ತಾರೆ, ಹಿರಿಯರು ಕೊಡಿಸುತ್ತಾರೆ. ಎತ್ತು, ಎಮ್ಮೆ, ನಾಯಿಯ ಕಿವಿ-ಬಾಲ ನೋಡಿಯೇ ಅದರ ಮನಸ್ಸು ಹೇಳಬಲ್ಲ ಜನ ನಾವು. ಆದರೆ ಈ ಪ್ರಾಣಿಯ ವಿಷಯದಲ್ಲಿ ಆ ಅನುಭವವೇ ದಾರಿ ತಪ್ಪಿಸುತ್ತದೆ. ಗೂಬೆ, ಹಾವು, ನರಿಗಳ ಬಾಯಿಗೆ ಸಿಗದಂತೆ ತಪ್ಪಿಸಿಕೊಂಡು ಬಾಳಿದ ಕುಲ ಇದು. ನೋವು, ಭಯವನ್ನು ಹೊರಗೆ ತೋರಿಸದೆ ಇರುವುದೇ ಅದರ ರಕ್ಷಣೆ. ಹಾಗಾಗಿ ಅದರ ಮೈಯನ್ನು ಓದಲು ಬೇರೆಯದೇ ಕಣ್ಣು ಬೇಕು.

"ಕಿಚಿಕಿಚಿ ಅಂದರೆ ಖುಷಿಯಾಗಿದೆ"

ಹ್ಯಾಮ್ಸ್ಟರ್‌ಗಳು ತಮ್ಮತಮ್ಮಲ್ಲಿ ಆಡುವ ಮಾತಿನಲ್ಲಿ ಬಹಳಷ್ಟು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಮನುಷ್ಯನ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ. ಮರಿ ತಾಯಿಯನ್ನು ಕರೆಯುವುದು, ಗಂಡು-ಹೆಣ್ಣು ಒಂದನ್ನೊಂದು ಕರೆಯುವುದು ಎಲ್ಲ ಅದರಾಚೆಯ ಶ್ರವಣಾತೀತ ದನಿಯಲ್ಲಿ. ನಮಗೆ ಕೇಳುವಷ್ಟು ಜೋರಾಗಿ ಕೂಗಿದೆ ಎಂದರೆ ಬಹುಮಟ್ಟಿಗೆ ಹೆದರಿಕೆ, ನೋವು ಅಥವಾ ಸಿಟ್ಟು. ಉದ್ದನೆಯ ಚೀತ್ಕಾರಕ್ಕೆ ಪ್ರಾಣಭಯ ಎಂದೇ ಅರ್ಥ. ಬುಸ್ ಅನ್ನುವುದು, ಹಲ್ಲು ಕಟಕಟ ಕಡಿಯುವುದು 'ಹತ್ತಿರ ಬರಬೇಡ' ಎಂಬ ಎಚ್ಚರಿಕೆ. ಉಸಿರಿನ ಜೊತೆಗೇ ಕ್ಲಿಕ್ ಕ್ಲಿಕ್ ಎನ್ನುವ ಸಣ್ಣ ಸದ್ದು ಬರುತ್ತಿದ್ದರೆ ಅದು ಮಾತಲ್ಲ, ಶ್ವಾಸಕೋಶದ ಸೋಂಕು ಇರಬಹುದು. ಅದಕ್ಕೆ ವೈದ್ಯರೇ ಬೇಕು.

"ಅಂಗಾತ ಮಲಗಿ ಹೊಟ್ಟೆ ತೋರಿಸಿತು, ಒಲವು ಬಂದಿದೆ"

ನಾಯಿ ಹೊಟ್ಟೆ ತೋರಿಸಿದರೆ ಒಲವು ಇರಬಹುದು. ಕೈ ಹತ್ತಿರ ಬಂದಾಗ ಹ್ಯಾಮ್ಸ್ಟರ್ ಅಂಗಾತ ಬಿದ್ದು ಕಾಲು ಮೇಲೆತ್ತಿ ಬಾಯಿ ತೆರೆದರೆ ಅದು ಕಟ್ಟಕಡೆಯ ಪ್ರತಿರೋಧ. ಇನ್ನೊಂದು ಅಂಗುಲ ಮುಂದೆ ಹೋದರೆ ಕಚ್ಚುತ್ತದೆ. ಹಿಂಗಾಲ ಮೇಲೆ ನಿಂತು ಮುಂಗಾಲು ಮಡಿಸಿದ್ದನ್ನು ಮಕ್ಕಳು 'ನಮಸ್ಕಾರ ಮಾಡ್ತಿದೆ' ಎಂದು ರೀಲ್ಸ್ ಮಾಡುತ್ತಾರೆ. ಅದು ಮೂಗು-ಕಿವಿಯಿಂದ ಸುತ್ತಲನ್ನು ಅಳೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತರೆ ಫೋಟೋಕ್ಕೆ ನಿಂತದ್ದಲ್ಲ, ಏನೋ ಸದ್ದು ಕೇಳಿಸಿದೆ. ಮೆರವಣಿಗೆಯ ಡಿ.ಜೆ. ಮನೆ ಮುಂದೆ ಹಾದಾಗ ಇದನ್ನು ನೋಡಬಹುದು: ಕಿವಿ ಹಿಂದಕ್ಕೆ, ಕಣ್ಣು ಉಬ್ಬಿ, ಮೈ ನೆಲಕ್ಕೆ ಒತ್ತಿರುತ್ತದೆ. ಹಾಗಾದರೆ ನೆಮ್ಮದಿಯ ಗುರುತು ಯಾವುದು? ನಿಧಾನವಾಗಿ ಆಕಳಿಸುವುದು, ಮೈ ಮುರಿಯುವುದು, ನಮ್ಮೆದುರೇ ಕೂತು ಮುಖ ತೊಳೆದುಕೊಳ್ಳುವುದು.

"ಒಂದೇ ಇದ್ದರೆ ಬೇಸರ, ಜೋಡಿ ತನ್ನಿ"

ಮಾರುವವರು ಹೇಳುವ ಈ ಮಾತಿನಿಂದ ಆಗುವಷ್ಟು ಹಿಂಸೆ ಮತ್ತಾವುದರಿಂದಲೂ ಆಗಲಾರದು. ಮನೆಗಳಲ್ಲಿ ಸಾಕುವ ಹೊಂಬಣ್ಣದ ಸಿರಿಯನ್ ಹ್ಯಾಮ್ಸ್ಟರ್‌ಗಳ ಕತೆ ಶುರುವಾದದ್ದು 1930ರಲ್ಲಿ. ಜೆರುಸಲೇಮಿನ ಪ್ರಾಣಿವಿಜ್ಞಾನಿ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿ ಹೊಲದ ಬಿಲ ಅಗೆಸಿ ತಾಯಿ-ಮರಿಗಳನ್ನು ಹಿಡಿದರು. ಇಂದು ಸಾಕುತ್ತಿರುವ ಸಿರಿಯನ್ ಹ್ಯಾಮ್ಸ್ಟರ್‌ಗಳಲ್ಲಿ ಬಹುಪಾಲು ಆ ಒಂದು ಸಂಸಾರದ ವಂಶ. ಮುಂದೆ ಅದೇ ಪ್ರದೇಶದಲ್ಲಿ ಬಿಲಗಳನ್ನು ಪರಿಶೀಲಿಸಿದ ವಿಜ್ಞಾನಿಗಳಿಗೆ ಪ್ರತಿ ಬಿಲದಲ್ಲೂ ಸಿಕ್ಕದ್ದು ಬೆಳೆದ ಹ್ಯಾಮ್ಸ್ಟರ್ ಒಂದೇ. ಒಂಟಿತನ ಅದಕ್ಕೆ ಶಿಕ್ಷೆಯಲ್ಲ, ಸ್ವಭಾವ. ಎರಡು ತಿಂಗಳು ತುಂಬುವ ಹೊತ್ತಿಗೆ ಅಕ್ಕ-ತಂಗಿಯರೂ ಒಂದೇ ಪಂಜರದಲ್ಲಿ ಶತ್ರುಗಳಾಗುತ್ತಾರೆ. ಒಂದನ್ನೊಂದು ಉರುಳಿಸುತ್ತ ಕಿರುಚುವುದನ್ನು ಆಟವೆಂದು ನೋಡುತ್ತ ಕೂತರೆ ಬೆಳಗಿಗೆ ಒಂದರ ಮೈಯೆಲ್ಲ ಗಾಯ, ಎಷ್ಟೋ ಸಲ ಸಾವು. ಗಂಡು-ಹೆಣ್ಣು ಕೂಡಿಟ್ಟರೂ ಅಷ್ಟೇ. ಜೊತೆಗೆ ಬರೀ 16 ದಿನಕ್ಕೆ ಮರಿ ಬೇರೆ. ಕುಬ್ಜ ಜಾತಿಗಳಲ್ಲಿ ಕೆಲವು ಹೊಂದಿಕೊಂಡು ಇರುತ್ತವೆ, ಅದಕ್ಕೂ ಖಾತ್ರಿಯಿಲ್ಲ. ಬೇರೆ ಬೇರೆ ಪಂಜರ ಇಡಲು ಜಾಗ ಇಲ್ಲದಿದ್ದರೆ ಒಂದೇ ಸಾಕಿ.

"ಮರಳುಗಾಡಿನ ಪ್ರಾಣಿ, ನಮ್ಮ ಬಿಸಿಲು ಏನು ಮಾಡೀತು?"

ನಮ್ಮ ಕಡೆ ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಪಾಠ ಇದು. ಅಲೆಪ್ಪೊದ ಬೇಸಿಗೆಯೂ ಸುಡುವುದು ನಿಜ, ಆದರೆ ಅಲ್ಲಿ ಹ್ಯಾಮ್ಸ್ಟರ್ ಹಗಲಲ್ಲಿ ಅರ್ಧ ಮೀಟರಿಗಿಂತ ಆಳದ ಮಣ್ಣಲ್ಲಿ ಮಲಗಿರುತ್ತಿತ್ತು. ಬೀದರಿನ ನೌಬಾದ್ ಕರೇಜ್ ಸುರಂಗದ ಬಾಯಲ್ಲಿ ನಿಂತವರಿಗೆ ಗೊತ್ತು, ಮೇಲೆ ಬೆಂಕಿ ಸುರಿಯುತ್ತಿದ್ದರೂ ನೆಲದೊಳಗೆ ಎಂಥ ತಂಪು. ಪಂಜರದೊಳಗಿನ ಹ್ಯಾಮ್ಸ್ಟರ್‌ಗೆ ಆ ನೆಲ ಎಲ್ಲಿಂದ ಬರಬೇಕು? ನಮ್ಮಂತೆ ಬೆವರಲೂ ಅದಕ್ಕೆ ಆಗದು. 20ರಿಂದ 24 ಡಿಗ್ರಿ ಅದಕ್ಕೆ ಹಿತ. 30 ದಾಟಿದರೆ ಕಷ್ಟ. ಬೀದರ್ ಜಿಲ್ಲೆಯ ಏಪ್ರಿಲ್-ಮೇ ತಿಂಗಳಲ್ಲಿ ಪಾರಾ 40 ಮುಟ್ಟುತ್ತದೆ, ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ.

ಸೆಕೆಯಾದಾಗ ಹ್ಯಾಮ್ಸ್ಟರ್ ನಾಲ್ಕೂ ಕಾಲು ಚಾಚಿ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಮಲಗುತ್ತದೆ. 'ಆರಾಮಾಗಿ ಮಲಗಿದೆ' ಎಂದು ಬಿಟ್ಟುಬಿಡುವುದು ಆಗಲೇ. ಹತ್ತಿರ ಹೋಗಿ ನೋಡಿ. ಸದ್ದಿಗೆ ತಲೆಯೆತ್ತಿ ಎದ್ದು ಓಡಾಡಿದರೆ ಮೈ ತಂಪು ಮಾಡಿಕೊಳ್ಳುತ್ತಿದೆ ಅಷ್ಟೇ. ಉಸಿರು ಬಿರುಸಾಗಿ, ಗದ್ದ ಜೊಲ್ಲಿನಿಂದ ಒದ್ದೆಯಾಗಿ, ಎಬ್ಬಿಸಿದಾಗ ತೂರಾಡಿದರೆ ಬಿಸಿಲಾಘಾತ. ಆಗ ತಣ್ಣೀರಲ್ಲಿ ಅದ್ದಬಾರದು, ಆ ಆಘಾತಕ್ಕೇ ಹೋಗಿಬಿಡಬಹುದು. ತಂಪು ಜಾಗಕ್ಕೆ ಒಯ್ದು, ಕಿವಿ-ಪಾದಗಳಿಗೆ ಒದ್ದೆ ಬಟ್ಟೆ ಸೋಕಿಸಿ, ಹನಿ ಹನಿಯಾಗಿ ನೀರು ತೋರಿಸಿ ವೈದ್ಯರ ಬಳಿ ಓಡಬೇಕು. ಮುಂಚಿತವಾಗಿ ಮಾಡಬಹುದಾದದ್ದು ಸುಲಭ: ಪಂಜರವನ್ನು ಪತ್ರಾಸಿನ ಕೋಣೆಯಿಂದ ತೆಗೆದು ಒಳಮನೆಯ ನೆಲದ ಮೇಲಿಡಿ. ಅಂಗೈಯಗಲದ ಶಹಾಬಾದ್ ಪರಸಿ ತುಂಡನ್ನು ನೀರಲ್ಲಿ ತಣಿಸಿ, ಒರೆಸಿ ಒಳಗಿಡಿ. ತಾನಾಗಿಯೇ ಹೋಗಿ ಅದರ ಮೇಲೆ ಹೊಟ್ಟೆ ಊರುತ್ತದೆ. ಕೂಲರ್ ಗಾಳಿ ನೇರವಾಗಿ ಮೈಗೆ ಹೊಡೆಯದಿರಲಿ.

"ತಣ್ಣಗಾಗಿದೆ, ಸತ್ತುಹೋಯಿತು"

ಡಿಸೆಂಬರಿನಲ್ಲಿ ಇಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಬಾಗಿಲ ಬಳಿಯೋ ಕಟ್ಟೆಯ ಮೇಲೋ ಉಳಿದ ಹ್ಯಾಮ್ಸ್ಟರ್ ಚಳಿಗೆ ಜಡಸ್ಥಿತಿಗೆ ಜಾರಬಹುದು. ಮೈ ತಣ್ಣಗೆ, ಉಸಿರು ಇದೆಯೋ ಇಲ್ಲವೋ ಅನ್ನುವಷ್ಟು ವಿರಳ. ಮಣ್ಣು ಮಾಡುವ ಅವಸರ ಬೇಡ. ಅಂಗೈಗಳ ನಡುವೆ ಹಿಡಿದು ಮೀಸೆಯನ್ನೇ ನೋಡುತ್ತಿರಿ. ಜೀವ ಇದ್ದರೆ ಮೊದಲು ಅದು ಮಿಡಿಯುತ್ತದೆ. ಮೈ ಬಿಸಿಗೆ ನಿಧಾನವಾಗಿ ಚೇತರಿಸಿಕೊಳ್ಳಲು ಬಿಡಿ. ಒಲೆಯ ಹತ್ತಿರ, ಬಿಸಿನೀರಲ್ಲಿ ಇಡಬಾರದು.

ಇನ್ನು ಕೆಲವು

ಕೆನ್ನೆ ಊದಿದ್ದು ಗದ್ದಬಾವಲ್ಲ. ಭುಜದವರೆಗೂ ಚಾಚಿದ ಚೀಲದಲ್ಲಿ ಕಾಳು ತುಂಬಿದೆ. ಹೆದರಿದಾಗ ಅದನ್ನೆಲ್ಲ ಉಗುಳಿ ಓಡುತ್ತದೆ, ಅದೂ ಒಂದು ಸೂಚನೆ. ಒಂದೇ ಕಡೆಯ ಉಬ್ಬು ಒಂದು ದಿನ ಕಳೆದರೂ ಇಳಿಯದಿದ್ದರೆ ಮಾತ್ರ ತೋರಿಸಿ. ಸೊಂಟದ ಎರಡೂ ಬದಿಯ ಕಪ್ಪು ಚುಕ್ಕೆ ಗಾಯವಲ್ಲ, ವಾಸನೆಯ ಗ್ರಂಥಿ, ಅರಿಶಿನ ಹಚ್ಚಬೇಡಿ. ಹಲ್ಲು ಕಿತ್ತಳೆ ಬಣ್ಣಕ್ಕಿರುವುದೇ ಆರೋಗ್ಯ. ಪಂಜರದ ಸರಳನ್ನು ರಾತ್ರಿಯಿಡೀ ಕಡಿಯುವುದು ಹಲ್ಲು ಮಸೆಯಲು ಅಲ್ಲ. ಜಾಗ ಸಾಲುತ್ತಿಲ್ಲ, ಅಗೆಯಲು ಆಳದ ಹಾಸಿಲ್ಲ ಎಂಬ ತಕರಾರು. ಚಕ್ರದಲ್ಲಿ ಓಡುವುದು ಹುಚ್ಚಲ್ಲ, ಆದರೆ ಓಡುವಾಗ ಬೆನ್ನು ಬಾಗಿ ಕಮಾನಾದರೆ ಚಕ್ರ ಚಿಕ್ಕದು.

ಬಾಲದ ಬುಡ ಒದ್ದೆಯಾಗಿ ನಾರುತ್ತಿದ್ದರೆ, ಮುದುಡಿ ಕೂತು ರೋಮ ನಿಮಿರಿಸಿ ಕಣ್ಣು ಅರೆಮುಚ್ಚಿದ್ದರೆ ನಾಳೆ ನೋಡೋಣ ಅನ್ನಬೇಡಿ. ಇಷ್ಟು ಸಣ್ಣ ಮೈಯಲ್ಲಿ ಎರಡು ದಿನ ಕಾಯುವಷ್ಟು ಶಕ್ತಿ ಇರುವುದಿಲ್ಲ. ಹತ್ತಿರದ ಪಶು ಆಸ್ಪತ್ರೆಗೆ ದನಕರುಗಳ ರೂಢಿಯೇ ಹೆಚ್ಚು, ಆದರೂ ಮೊದಲು ಅಲ್ಲಿ ಕೇಳಿ. ಅಲ್ಲಿ ಆಗದಿದ್ದರೆ ಹುಮನಾಬಾದ್ ದಾಟಿದರೆ ಬೀದರ್, ಅಲ್ಲಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹೋಗುವಾಗ ಡಬ್ಬಿಯಲ್ಲಿ ಅದರದೇ ಹಳೆಯ ಹಾಸು ಒಂದು ಹಿಡಿ ಹಾಕಿಕೊಳ್ಳಿ, ತನ್ನ ವಾಸನೆ ಇದ್ದರೆ ದಾರಿಯ ಭಯ ಕಡಿಮೆ.