ನೆಲದಡಿಯ ಕೊಳವೆ ಒಡೆದರೆ ವಿಮೆ ಹಣ ಕೊಡುತ್ತದೆಯೇ?

ಮನೆಗೆ ವಿಮೆ ಮಾಡಿಸಿದ್ದೇವೆ, ಪ್ರತಿವರ್ಷ ತಪ್ಪದೆ ಕಂತು ಕಟ್ಟುತ್ತಿದ್ದೇವೆ. ಹಾಗಿದ್ದ ಮೇಲೆ ಮನೆಗೆ ಸೇರಿದ ಏನೇ ಹಾಳಾದರೂ ವಿಮಾ ಕಂಪನಿ ಹಣ ಕೊಡಬೇಕಲ್ಲವೇ? ಮೇಲ್ನೋಟಕ್ಕೆ ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಅಮೆರಿಕದಲ್ಲಿ ಅನೇಕ ಕುಟುಂಬಗಳು ಒಂದು ವಸ್ತುವಿನ ವಿಷಯದಲ್ಲಿ ಈ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಪಡೆದು ದಿಕ್ಕು ತೋಚದೆ ಕೂರುತ್ತವೆ. ಆ ವಸ್ತು ಮನೆಯ ಕೊಳಚೆ ನೀರನ್ನು ರಸ್ತೆಯ ಒಳಚರಂಡಿಗೆ ಒಯ್ಯುವ, ಅಂಗಳದ ಮಣ್ಣಿನಡಿ ಹುದುಗಿರುವ ನಾಲ್ಕು ಅಂಗುಲದ ಕೊಳವೆ. ಅದು ಕುಸಿದರೆ ಅಗೆದು ಹೊಸದನ್ನು ಹಾಕಿಸಲು ಸಾವಿರಾರು ಡಾಲರ್ ಬೇಕು. ಕೊಳವೆ ಆಳದಲ್ಲಿದ್ದು, ರಸ್ತೆಯನ್ನೂ ಅಗೆಯಬೇಕಾಗಿ ಬಂದರೆ ಖರ್ಚು ಹತ್ತು ಸಾವಿರ ಡಾಲರನ್ನು ಮೀರುವುದುಂಟು. ಬ್ಯಾಂಕಿನ ಸಾಲದಲ್ಲಿ ಮನೆ ಕೊಂಡ ಸಂಬಳದಾರನಿಗೆ ಇದು ಸಣ್ಣ ಮೊತ್ತವಲ್ಲ.

ಅಮೆರಿಕದ ಕೊಳವೆಯ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಕೆಲವರ ಅಣ್ಣನೋ, ಅಕ್ಕನೋ, ಚಿಕ್ಕಪ್ಪನೋ ಅಲ್ಲಿ ಮನೆ ಮಾಡಿರಬಹುದು. ಅದು ಹಾಗಿರಲಿ. ವಿಮೆ ಎಂದರೇನು, ಯಾವುದು ವಿಮೆಯಲ್ಲ ಎಂಬುದನ್ನು ವಿವರಿಸಲು ಈ ಕೊಳವೆಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೊಂದು ಸಿಕ್ಕಿಲ್ಲ. ವಾಣಿಜ್ಯದ ವಿದ್ಯಾರ್ಥಿಗೂ ವಿಜ್ಞಾನದ ವಿದ್ಯಾರ್ಥಿಗೂ ಇದರಲ್ಲಿ ಸಮಪಾಲುಂಟು.

ಕೊಳವೆ ಯಾರದು?

ಮೊದಲು ಒಡೆತನದ ಮಾತು. ರಸ್ತೆಯ ಉದ್ದಕ್ಕೂ ಸಾಗುವ ದೊಡ್ಡ ಒಳಚರಂಡಿ ನಗರಾಡಳಿತದ್ದು. ಮನೆಯಿಂದ ಅದಕ್ಕೆ ಸೇರುವ ಕವಲು ಕೊಳವೆಯನ್ನು ಅಲ್ಲಿ 'ಲ್ಯಾಟರಲ್' ಎನ್ನುತ್ತಾರೆ. ಇದನ್ನು ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಮನೆಯ ಮಾಲೀಕನದು. ಕೆಲವು ನಗರಗಳಲ್ಲಿ ಆ ಹೊಣೆ ನಿವೇಶನದ ಗಡಿಗೆ ಮುಗಿಯುತ್ತದೆ. ಇನ್ನು ಕೆಲವು ನಗರಗಳಲ್ಲಿ ರಸ್ತೆಯಡಿಯಲ್ಲಿ ದೊಡ್ಡ ಚರಂಡಿಯನ್ನು ಕೂಡುವ ಬಿಂದುವಿನವರೆಗೂ ಅದು ಮಾಲೀಕನದೇ. ತನ್ನ ಬೇಲಿಯ ಆಚೆಗೂ, ಡಾಂಬರಿನ ಕೆಳಗೂ ತನ್ನದೊಂದು ಆಸ್ತಿ ಇದೆಯೆಂದು ಮನೆಯವನಿಗೆ ತಿಳಿಯುವುದು ಬಹುಮಟ್ಟಿಗೆ ಅದು ಕೆಟ್ಟ ದಿನವೇ.

ಇಳಿಜಾರು, ಬೇರು, ಆಮ್ಲ

ಈ ಕೊಳವೆ ಕೆಡುವುದು ಹೇಗೆ? ಇದರಲ್ಲಿ ಪಂಪು ಇಲ್ಲ, ಒತ್ತಡವಿಲ್ಲ; ನೀರು ಹರಿಯುವುದು ಕೇವಲ ಗುರುತ್ವದಿಂದ. ಒಂದು ಅಡಿ ಉದ್ದಕ್ಕೆ ಕಾಲು ಅಂಗುಲ, ಅಂದರೆ ಒಂದು ಮೀಟರಿಗೆ ಸುಮಾರು ಎರಡು ಸೆಂಟಿಮೀಟರ್ ಇಳಿಜಾರು ಕೊಡುವುದು ರೂಢಿ. ನೀರು ಸೆಕೆಂಡಿಗೆ ಸುಮಾರು ಎರಡು ಅಡಿ ವೇಗದಲ್ಲಾದರೂ ಹರಿದರೆ ಘನವಸ್ತುವನ್ನು ತನ್ನೊಂದಿಗೆ ಒಯ್ಯುತ್ತದೆ. ನಿಧಾನವಾದರೆ ಕಸ ತಳದಲ್ಲಿ ಕೂರುತ್ತದೆ. ಮಣ್ಣು ಕುಸಿದು ಕೊಳವೆ ನಡುವೆ ಜಗ್ಗಿದರೆ ಅಲ್ಲಿ ನೀರು ನಿಲ್ಲುತ್ತದೆ. ಅಡಚಣೆಯ ಆರಂಭ ಅನೇಕ ವೇಳೆ ಇಂತಹ ತಗ್ಗಿನಲ್ಲಿಯೇ.

ಹಳೆಯ ಮನೆಗಳಲ್ಲಿ ಸುಟ್ಟ ಮಣ್ಣಿನ ಕೊಳವೆಗಳಿವೆ. ನಮ್ಮ ಊರುಗಳಲ್ಲಿ ಸ್ಟೋನ್‌ವೇರ್ ಪೈಪು ಎನ್ನುತ್ತೇವಲ್ಲ, ಅದರ ದಾಯಾದಿ. ಮಣ್ಣು ಚೆನ್ನಾಗಿ ಬೆಂದಿದ್ದರೆ ಅದು ಶತಮಾನ ಬಾಳುತ್ತದೆ. ಅದರ ದೌರ್ಬಲ್ಯವೆಲ್ಲ ಕೀಲುಗಳಲ್ಲಿ. ಕೀಲಿನ ಸಂದಿನಿಂದ ತೇವವೂ ಪೋಷಕಾಂಶವೂ ಸುತ್ತಲಿನ ಮಣ್ಣಿಗೆ ಜಿನುಗುತ್ತವೆ. ಮರದ ಬೇರಿಗೆ ಕಣ್ಣಿಲ್ಲ, ಆದರೆ ತೇವವಿರುವ ಕಡೆ ಅದು ಹುಲುಸಾಗಿ ಬೆಳೆಯುತ್ತದೆ. ಕೂದಲಿನಷ್ಟು ತೆಳುವಾದ ಬೇರು ಸಂದಿನಲ್ಲಿ ತೂರಿ, ಒಳಗೆ ನೀರು, ಗಾಳಿ, ಗೊಬ್ಬರ ಎಲ್ಲವೂ ಒಟ್ಟಿಗೆ ದೊರೆತಾಗ ಪೊದೆಯಾಗಿ ಹರಡುತ್ತದೆ. ಕೊನೆಗೆ ದಪ್ಪನಾಗಿ ಕೊಳವೆಯನ್ನೇ ಸೀಳುತ್ತದೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮನೆಗಳು ಭರದಿಂದ ಎದ್ದಾಗ 'ಆರೆಂಜ್‌ಬರ್ಗ್' ಎಂಬ ಕೊಳವೆ ಬಹಳ ಜನಪ್ರಿಯವಾಯಿತು. ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್ ಊರಿನಲ್ಲಿ ತಯಾರಾಗುತ್ತಿದ್ದುದರಿಂದ ಆ ಹೆಸರು. ಮರದ ನಾರನ್ನು ಕಲ್ಲಿದ್ದಲ ಟಾರಿನ ಅಂಟಿನಲ್ಲಿ ನೆನೆಸಿ ಮಾಡಿದ್ದು. ಒಂದು ರೀತಿಯಲ್ಲಿ ಟಾರು ಕುಡಿದ ರಟ್ಟು ಎನ್ನಿ. ಅಗ್ಗ, ಹಗುರ, ಗರಗಸದಿಂದ ಕೊಯ್ಯಬಹುದಿತ್ತು. ಮಣ್ಣಿನ ಭಾರಕ್ಕೆ ಅದು ನಿಧಾನವಾಗಿ ಚಪ್ಪಟೆಯಾಗುತ್ತ ಹೋಯಿತು. 1970ರ ದಶಕದ ಆರಂಭದಲ್ಲಿ ಅದರ ತಯಾರಿಕೆ ನಿಂತಿತು. ಆದರೆ ನೆಲದೊಳಗೆ ಹಾಕಿದ್ದು ತಾನಾಗಿ ಹೊರಗೆ ಬರುವುದಿಲ್ಲವಷ್ಟೆ!

ಇನ್ನು ಬೀಡುಕಬ್ಬಿಣ ಮತ್ತು ಸಿಮೆಂಟಿನ ಕೊಳವೆಗಳ ಶತ್ರು ರಾಸಾಯನಿಕವಾದುದು. ಆಮ್ಲಜನಕವಿಲ್ಲದ ಲೋಳೆಯ ಪದರದಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಕೊಳಚೆಯಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ನಿಮ್ಮ ಪ್ರಯೋಗಾಲಯದಲ್ಲಿ ಮೂಗು ಮುಚ್ಚಿಸುವ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಇದೇ. ಇದು ಮೇಲೇರಿ ಕೊಳವೆಯ ಒದ್ದೆ ಚಾವಣಿಯನ್ನು ಸೇರಿದಾಗ, ಅಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಉತ್ಕರ್ಷಿಸಿ ಸಲ್ಫ್ಯೂರಿಕ್ ಆಮ್ಲವನ್ನಾಗಿಸುತ್ತವೆ. ಆ ಆಮ್ಲ ಸಿಮೆಂಟನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ದಿನಕ್ಕೆ ಎಷ್ಟು ತಿಂದಿತೆಂದು ಅಳೆಯಲಾಗದಷ್ಟು ಕಡಿಮೆ. ಆದರೆ ನಲವತ್ತು ವರ್ಷಗಳಲ್ಲಿ ಕೊಳವೆಯ ಗೋಡೆ ಬಿಸ್ಕತ್ತಿನಂತಾಗುತ್ತದೆ.

ಈ ಎಲ್ಲ ಕಾರಣಗಳಲ್ಲೂ ಸಾಮಾನ್ಯವಾದುದೊಂದನ್ನು ಗಮನಿಸಿದಿರಾ? ಎಲ್ಲವೂ ನಿಧಾನ. ವಿಮೆಯ ತಕರಾರು ಹುಟ್ಟುವುದು ಇಲ್ಲಿಯೇ.

ಆಗಲೇಬೇಕಾದುದಕ್ಕೆ ವಿಮೆಯಿಲ್ಲ

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಸಾವಿರ ಮನೆಗಳಿವೆ. ವರ್ಷಕ್ಕೆ ಒಂದು ಮನೆ ಬೆಂಕಿಗೆ ಆಹುತಿಯಾಗುತ್ತದೆ, ನಷ್ಟ ಮೂರು ಲಕ್ಷ ಡಾಲರ್. ಯಾವ ಮನೆ ಎಂದು ಮೊದಲೇ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಪ್ರತಿಯೊಬ್ಬರೂ 300 ಡಾಲರ್ ಹಾಕಿದರೆ ನೊಂದವನ ಮನೆ ಮತ್ತೆ ಏಳುತ್ತದೆ. ಒಬ್ಬನನ್ನು ಮುಳುಗಿಸಬಹುದಾಗಿದ್ದ ಭಾರ ಸಾವಿರ ಹೆಗಲುಗಳ ಮೇಲೆ ಹಂಚಿಹೋಯಿತು. ಇದು ವಿಮೆ.

ಈಗ ಕೊಳವೆಗೆ ಬನ್ನಿ. ಅದರ ಆಯುಸ್ಸು ಐವತ್ತು ವರ್ಷ, ಬದಲಿಸುವ ಖರ್ಚು ಹತ್ತು ಸಾವಿರ ಡಾಲರ್ ಎಂದಿಟ್ಟುಕೊಳ್ಳಿ. ಸಾವಿರ ಮನೆಗಳಲ್ಲಿ ಸಾವಿರಕ್ಕೂ ಈ ಖರ್ಚು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಒಬ್ಬೊಬ್ಬರೂ ವರ್ಷಕ್ಕೆ 200 ಡಾಲರ್ ಕಟ್ಟಿ, ಐವತ್ತು ವರ್ಷದ ನಂತರ ತಮ್ಮ ಹಣವನ್ನೇ ಕಂಪನಿಯ ಕಚೇರಿ ವೆಚ್ಚ ಕಳೆದು ಹಿಂದಕ್ಕೆ ಪಡೆಯುತ್ತಾರೆ. ಇದನ್ನು ಉಳಿತಾಯ ಖಾತೆ ಎನ್ನಬಹುದು, ವಿಮೆ ಎನ್ನಲಾಗದು. ಚಪ್ಪಲಿಯ ಅಟ್ಟೆ ಸವೆದರೆ ಯಾರೂ ವಿಮಾ ಕಚೇರಿಗೆ ಹೋಗುವುದಿಲ್ಲ. ಕೊಳವೆಯದೂ ಅದೇ ನ್ಯಾಯ ಎನ್ನುತ್ತದೆ ಕಂಪನಿ.

ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಗೃಹವಿಮಾ ಪತ್ರದ ಮಾದರಿಗೆ 'ಎಚ್.ಓ.-3' ಎಂದು ಹೆಸರು. ಕಟ್ಟಡದ ಮಟ್ಟಿಗೆ ಅದು ಉದಾರವಾದ ಪತ್ರವೇ: ಹೊರಗಿಟ್ಟವುಗಳ ಪಟ್ಟಿಯಲ್ಲಿ ಇಲ್ಲದ ಆಕಸ್ಮಿಕ ನಷ್ಟಕ್ಕೆಲ್ಲ ಅದರಲ್ಲಿ ಪರಿಹಾರವಿದೆ. ಆದರೆ ಆ ಪಟ್ಟಿಯನ್ನು ಓದಿ ನೋಡಿ. ಸವೆತ, ಶಿಥಿಲತೆ, ತುಕ್ಕು, ನೆಲ ಕುಗ್ಗುವುದು, ಭೂಚಲನೆ, ಮಾಲೀಕನ ನಿರ್ಲಕ್ಷ್ಯ ಎಲ್ಲವೂ ಅಲ್ಲಿವೆ. ನಮ್ಮ ಕೊಳವೆ ಕೆಡುವ ಕಾರಣಗಳು ಬಹುಪಾಲು ಬಾಗಿಲ ಹೊರಗೇ ಉಳಿದವು. ಅಂಗಳದಲ್ಲಿ ಬೇರು ನುಗ್ಗಿ ಕೊಳವೆ ಕುಸಿದರೆ ಸಾಮಾನ್ಯ ಪತ್ರದಿಂದ ಹಣ ಬರುವುದಿಲ್ಲವೆಂದೇ ತಿಳಿಯಬೇಕು. ಪಕ್ಕದ ಕಾಮಗಾರಿಯ ಜೆ.ಸಿ.ಬಿ.ಯಂತಹ ಯಂತ್ರ ಕೊಳವೆಗೆ ಹಲ್ಲು ಹಾಕಿದರೆ ಮಾತು ಬೇರೆ. ಅದು ಒಂದು ಕ್ಷಣದಲ್ಲಿ ನಡೆದ ಅಪಘಾತ. ವಿಮೆ ಒಪ್ಪುವ ಸಂಭವವಿದೆ, ಅಥವಾ ಗುತ್ತಿಗೆದಾರನ ಹೊಣೆಗಾರಿಕೆ ವಿಮೆಯಿಂದ ಹಣ ಬರಬೇಕು.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಮನೆಯ ಕಾಂಕ್ರೀಟ್ ನೆಲದಡಿ ಹಾದುಹೋಗುವ ಬೀಡುಕಬ್ಬಿಣದ ಕೊಳವೆ ಒಂದು ದಿನ ಬಿರಿದು, ನೀರು ಹೊರಬಂದು ಕೋಣೆ ಹಾಳಾಯಿತೆನ್ನಿ. ಮೂಲ ಎಚ್.ಓ.-3 ಮಾದರಿಯ ಪ್ರಕಾರ ಹೊರಬಂದ ನೀರಿನಿಂದಾದ ಹಾನಿಗೆ ಪರಿಹಾರವಿದೆ. ಕೊಳವೆಯನ್ನು ತಲುಪಲು ನೆಲವನ್ನು ಒಡೆದು ಮತ್ತೆ ಹಾಕಿಸುವ ಖರ್ಚಿಗೂ ಪರಿಹಾರವಿದೆ. ಕೊಳವೆಗೆ ಮಾತ್ರ ಇಲ್ಲ! ಸೋರಿದ ವಸ್ತುವಿಗೆ ಹಣವಿಲ್ಲ, ಸೋರಿಕೆ ಕೆಡಿಸಿದ್ದಕ್ಕೆ ಹಣವಿದೆ. ಕೇಳಲು ತಮಾಷೆಯಾಗಿ ಕಂಡರೂ ತರ್ಕ ಹಿಂದಿನದೇ: ಕೊಳವೆ ಸವೆದದ್ದು ನಿಶ್ಚಿತ, ನೆಲ ಹಾಳಾದದ್ದು ಆಕಸ್ಮಿಕ. ಕೊಳವೆಯ ತುಂಡಿಗಿಂತ ನೆಲದ ಖರ್ಚೇ ಅನೇಕ ಪಟ್ಟು ಹೆಚ್ಚಿರುವುದರಿಂದ ಈ ಒಂದು ವಾಕ್ಯ ಮನೆಯವರ ಪಾಲಿಗೆ ಬಹಳ ಬೆಲೆಯುಳ್ಳದ್ದು. ಫ್ಲಾರಿಡಾದಲ್ಲಿ ಕಾಂಕ್ರೀಟ್ ನೆಲದಡಿಯ ಹಳೆಯ ಕಬ್ಬಿಣದ ಕೊಳವೆಗಳ ಬಗ್ಗೆ ಎಷ್ಟೋ ಮೊಕದ್ದಮೆಗಳು ನಡೆದಿವೆ. ನೀರು ವಾರಗಟ್ಟಲೆ ತಿಂಗಳುಗಟ್ಟಲೆ ಜಿನುಗುತ್ತಿತ್ತೆಂದು ತೋರಿಬಂದರೆ ಕಂಪನಿ ಪುನಃ ಕೈಚೆಲ್ಲುತ್ತದೆ. ಗೋಡೆಯ ಬಳಿ ವಾಸನೆ ಬಂದ ದಿನವೇ ಪ್ಲಂಬರನನ್ನು ಕರೆಸುವುದು ಏಕೆ ಲಾಭ ಎಂಬುದು ಇದರಿಂದ ಸ್ಪಷ್ಟ.

ಕೊಳಚೆ ಹಿಂದಕ್ಕೆ ಉಕ್ಕಿದರೆ?

ಮುಂದೆ ದಾರಿಯಿಲ್ಲದ ಕೊಳಚೆ ಹಿಂದಕ್ಕೆ ತಿರುಗಿ ಮನೆಯ ಅತ್ಯಂತ ತಗ್ಗಿನ ರಂಧ್ರದಿಂದ, ಅಂದರೆ ನೆಲಮಾಳಿಗೆಯ ಮೋರಿಯಿಂದ ಉಕ್ಕುತ್ತದೆ. ಇದಕ್ಕೂ ಸಾಮಾನ್ಯ ಪತ್ರದಲ್ಲಿ ಪ್ರತ್ಯೇಕ ನಿಷೇಧವಿದೆ. 1968ರಲ್ಲಿ ಅಮೆರಿಕ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯೂ ಎಲ್ಲ ಸಂದರ್ಭಗಳಲ್ಲಿ ನೆರವಿಗೆ ಬಾರದು. ಹೊರಗೆ ನಿಜವಾಗಿ ಪ್ರವಾಹ ಬಂದು, ಅದೇ ನೇರ ಕಾರಣವಾಗಿ ಚರಂಡಿ ಉಕ್ಕಿದರೆ ಮಾತ್ರ ಅದು ಹಣ ಕೊಡುತ್ತದೆ. ಒಬ್ಬನ ಮನೆಯ ಮೋರಿಯಷ್ಟೇ ಉಕ್ಕಿದರೆ ಅದು ಪ್ರವಾಹವಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಆದರೆ ಬೇರೆಯಾಗಿ ಕೊಳ್ಳಬೇಕು. ಮೂಲ ಪತ್ರಕ್ಕೆ ಲಗತ್ತಿಸುವ ಸೇರ್ಪಡೆಗಳಿಗೆ 'ಎಂಡಾರ್ಸ್‌ಮೆಂಟ್' ಎನ್ನುತ್ತಾರೆ. ಕೊಳಚೆ ಹಿಂದಕ್ಕೆ ಉಕ್ಕಿ ಆಗುವ ಹಾನಿಗೆ ಒಂದು ಸೇರ್ಪಡೆ. ನೆಲದಡಿಯ ಕೊಳವೆಗೇ 'ಸರ್ವಿಸ್ ಲೈನ್' ಎಂಬ ಇನ್ನೊಂದು ಸೇರ್ಪಡೆ. ಇವೆರಡನ್ನೂ ಒಂದೇ ಎಂದು ಭಾವಿಸಿ ಮೋಸಹೋಗುವವರು ಬಹಳ. ಮೊದಲನೆಯದು ಕೋಣೆಯನ್ನು ಸರಿಪಡಿಸುತ್ತದೆ, ಎರಡನೆಯದು ಕೊಳವೆಯನ್ನು. ಸರ್ವಿಸ್ ಲೈನ್ ಸೇರ್ಪಡೆಯಲ್ಲಿ ಸಾಮಾನ್ಯವಾಗಿ ಸವೆತ, ತುಕ್ಕು, ಬೇರು ಇವೂ ಒಳಗೊಳ್ಳುತ್ತವೆ. ಅಗೆತದ ಖರ್ಚೂ ಸೇರಿರುತ್ತದೆ. ಹತ್ತು ಸಾವಿರ ಡಾಲರಿನ ಮಿತಿ, ಮೊದಲ 500 ಡಾಲರ್ ಮನೆಯವರದೇ, ಇದು ಹೆಚ್ಚಾಗಿ ಕಾಣಸಿಗುವ ಏರ್ಪಾಡು.

ಆಗಲೇಬೇಕಾದುದಕ್ಕೆ ವಿಮೆಯಿಲ್ಲ ಎಂದಿರಿ, ಈಗ ಸವೆತಕ್ಕೂ ವಿಮೆ ಇದೆ ಎನ್ನುತ್ತೀರಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಉತ್ತರ ಹೀಗಿದೆ. ಕೊಳವೆ ಒಡೆಯುವುದು ನಿಶ್ಚಿತವಾದರೂ ಯಾವ ವರ್ಷ, ಯಾರು ಮಾಲೀಕರಾಗಿದ್ದಾಗ ಎಂಬುದು ಅನಿಶ್ಚಿತ. ಹೊಸ ಪ್ಲಾಸ್ಟಿಕ್ ಕೊಳವೆಯವರೂ ಹಳೆಯ ಮಣ್ಣಿನ ಕೊಳವೆಯವರೂ ಒಂದೇ ಗುಂಪಿನಲ್ಲಿ ಹಣ ಕಟ್ಟುತ್ತಾರೆ. ಮಿತಿಯನ್ನು ಹಾಕಿ, ಮೊದಲೇ ಕೆಟ್ಟಿದ್ದ ಕೊಳವೆಯನ್ನು ಹೊರಗಿಟ್ಟು, ಕಂಪನಿ ತನ್ನ ಲೆಕ್ಕವನ್ನು ಸರಿದೂಗಿಸಿಕೊಳ್ಳುತ್ತದೆ.

ಅಂಚೆಯಲ್ಲಿ ಸರ್ಕಾರಿ ನೋಟಿಸಿನಂತೆ ತೋರುವ ಕಾಗದವೂ ಅಲ್ಲಿಯ ಮನೆಗಳಿಗೆ ಬರುತ್ತದೆ: ತಿಂಗಳಿಗೆ ಇಷ್ಟು ಕೊಟ್ಟರೆ ಕೊಳವೆಯ ರಿಪೇರಿ ನಮ್ಮದು ಎಂದು. ಇವು ಹೆಚ್ಚಾಗಿ ಖಾಸಗಿ ಸಂಸ್ಥೆಗಳ ದುರಸ್ತಿ ಒಪ್ಪಂದಗಳು. ಕೆಲವು ಒಳ್ಳೆಯವೇ, ಆದರೆ ಸಣ್ಣ ಅಕ್ಷರ ಓದದೆ ಸಹಿ ಹಾಕಬಾರದು.

ಸಾಕ್ಷಿ ಹೇಳುವ ಕ್ಯಾಮೆರಾ

ನನ್ನ ಕಸುಬಿನ ಅಭಿಮಾನ ಇಲ್ಲಿ ಸ್ವಲ್ಪ ಇಣುಕಿದರೆ ಮನ್ನಿಸಿ. ಕೊಳವೆ ಸವೆದು ಕೆಟ್ಟಿತೇ, ಪೆಟ್ಟು ಬಿದ್ದು ಒಡೆಯಿತೇ ಎಂಬ ವಾದವನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಒಂದು ಟೆಲಿವಿಷನ್ ಚಿತ್ರ! ಹೆಬ್ಬೆರಳ ಗಾತ್ರದ ಕ್ಯಾಮೆರಾ, ಸುತ್ತ ಪುಟ್ಟ ದೀಪಗಳ ಬಳೆ. ಬಿರುಸಾದ ಕೇಬಲ್ಲಿನ ತುದಿಯಲ್ಲಿ ಅದನ್ನು ಒಳಗೆ ತಳ್ಳುತ್ತಾರೆ. ಎಷ್ಟು ಅಡಿ ಒಳಗೆ ಹೋಯಿತೆಂದು ಪರದೆಯ ಮೂಲೆಯಲ್ಲಿ ಅಂಕಿ ಓಡುತ್ತಿರುತ್ತದೆ. ಕ್ಯಾಮೆರಾದ ಹಿಂದೆಯೇ ಸಣ್ಣ ಪ್ರಸಾರಕವೊಂದಿದ್ದು, ಸಾಮಾನ್ಯವಾಗಿ ಸೆಕೆಂಡಿಗೆ 512 ಆವರ್ತನಗಳ ಸಂಕೇತ ಕಳಿಸುತ್ತದೆ. ಇಷ್ಟು ಕಡಿಮೆ ಆವರ್ತನ ಏಕೆಂದರೆ ಅದು ಕಬ್ಬಿಣದ ಕೊಳವೆಯನ್ನೂ ಮಣ್ಣನ್ನೂ ದಾಟಿ ಮೇಲೆ ಬರಬಲ್ಲದು. ಅಂಗಳದಲ್ಲಿ ಗ್ರಾಹಕ ಹಿಡಿದು ನಿಂತವನಿಗೆ ಕೊಳವೆ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಚಿತ್ರದಲ್ಲಿ ಬೇರಿನ ಜಡೆ, ಮೊಟ್ಟೆಯಾಕಾರಕ್ಕೆ ತಿರುಗಿದ ಕೊಳವೆ, ತುಕ್ಕಿನ ಗಂಟು ಕಂಡರೆ ಅದು ವಯಸ್ಸಿನ ಕೆಲಸ. ಅಂಚು ಹರಿತವಾದ ಹೊಸ ಒಡಕು ಕಂಡರೆ ಪೆಟ್ಟಿನ ಕೆಲಸ. ಹಳೆಯ ಮನೆ ಕೊಳ್ಳುವವರು ಕ್ರಯಕ್ಕೆ ಮುಂಚೆ ಈ ಚಿತ್ರ ತೆಗೆಸುವುದು ಅತ್ಯಂತ ಅಗ್ಗದ ರಕ್ಷಣೆ ಎಂದು ನನ್ನ ಅಭಿಪ್ರಾಯ. ದೋಷ ಕಂಡರೆ ಬೆಲೆಯಲ್ಲಿ ಚೌಕಾಶಿ ಮಾಡಬಹುದು.

ನಮ್ಮ ದೇಶದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 1 ಏಪ್ರಿಲ್ 2021ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಗೃಹವಿಮೆಯನ್ನು ಜಾರಿಗೆ ತಂದಿದೆ. ಅದರ ಭಾಷೆ ಸರಳವಾಗಿದೆ, ಕಾಲೇಜು ವಿದ್ಯಾರ್ಥಿ ಧಾರಾಳವಾಗಿ ಓದಬಹುದು. ನೀರಿನ ತೊಟ್ಟಿ, ಉಪಕರಣ, ಕೊಳವೆಗಳು ಒಡೆದು ಅಥವಾ ತುಂಬಿ ಹರಿದು ಆಗುವ ನಷ್ಟ ಅದರ ಅಪಾಯಗಳ ಪಟ್ಟಿಯಲ್ಲಿದೆ. ಕಾಂಪೌಂಡು ಗೋಡೆ, ಸೆಪ್ಟಿಕ್ ಟ್ಯಾಂಕು, ನೀರಿನ ಟ್ಯಾಂಕುಗಳನ್ನೂ ಮನೆಯ ಭಾಗವೆಂದೇ ಎಣಿಸಲಾಗಿದೆ. ನೆರೆಯಲ್ಲೋ ಭೂಕಂಪದಲ್ಲೋ ಸೆಪ್ಟಿಕ್ ಟ್ಯಾಂಕು ಒಡೆದರೆ ನೀವು ಪರಿಹಾರ ಕೇಳಬಹುದು. ಹಳತಾಗಿ ಬಿರುಕು ಬಿಟ್ಟರೆ, ಇಲ್ಲಿಯೂ ಖರ್ಚು ನಿಮ್ಮದೇ.